ಗುಡ್ಡದ ಮೇಲಿನ ಅಗ್ಘವಣಿ

ಬಸವರಾಜೇಶ್ವರಿಯ ಹೆಗಲ ಚೀಲದಲ್ಲಿ ಇದ್ದದ್ದು ಒಂದು ತಾಮ್ರದ ಬಾಟಲಿ, ಇನ್ನೊಂದು ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ. ಪ್ಲಾಸ್ಟಿಕ್ಕಿನದು ಅವಳಿಗೆ. ತಾಮ್ರದ್ದು ದೇವರಿಗೆ. ಬೆಂಗಳೂರಿನ ಬಸವೇಶ್ವರನಗರದ ಮನೆಯ ನಲ್ಲಿಯಲ್ಲಿ ಹಿಡಿದು, ಬಿಳಿ ಬಟ್ಟೆಯಲ್ಲಿ ಸೋಸಿ, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟು ಜೋರ್ಡಾನ್ ದೇಶದ ಮರಳುಗಾಡಿನವರೆಗೆ ತಂದ ನೀರು ಅದು. ಲಿಂಗಪೂಜೆಗೆಂದು ತೆಗೆದಿಟ್ಟ ಆ ನೀರಿಗೆ ಅವರ ಮನೆಯಲ್ಲಿ ಅಗ್ಘವಣಿ ಎನ್ನುತ್ತಿದ್ದರು. ಅದಕ್ಕೆ ಯಾರ ಎಂಜಲೂ ತಾಕಬಾರದು. ಗುಡ್ಡದ ತುದಿಯಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಗಂಡ ಚನ್ನವೀರಪ್ಪನವರು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಾಗ ಅದನ್ನು ಎರೆಯಬೇಕು. ಪೂಜೆ ಮುಗಿಯುವ ತನಕ ಅವರ ಬಾಯಿಗೆ ತೊಟ್ಟು ನೀರೂ ಹೋಗುವುದಿಲ್ಲ, ಮಾತ್ರೆಯೂ ಹೋಗುವುದಿಲ್ಲ.

ಮೊದಲು ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದಾಗ ಸೈಟಿಗೆ ಓಡುವ ಗಡಿಬಿಡಿಯಲ್ಲಿ ಕಾಫಿ ಮೊದಲಾಗಿ ಪೂಜೆ ಆಮೇಲಾದ ದಿನಗಳೂ ಉಂಟು. ನಿವೃತ್ತಿಯಾದ ಮೇಲೆ ಹೃದಯಕ್ಕೆ ಸ್ಟೆಂಟ್ ಹಾಕಬೇಕಾಯಿತು. ಆಪರೇಷನ್ ಕೋಣೆಗೆ ಹೋಗುವಾಗ ಕೊರಳಿನ ಲಿಂಗ ಬಿಚ್ಚಿಸಿ ಬಸವರಾಜೇಶ್ವರಿಯ ಕೈಗೆ ಕೊಟ್ಟರು. ಹೊರಗೆ ತಂದ ಮೇಲೆ ಅರೆಮಂಪರಿನಲ್ಲಿದ್ದವರ ಬಾಯಿಗೆ ನರ್ಸ್ ಮಾತ್ರೆ ಹಾಕಿ ನೀರು ಕುಡಿಸಿದಳು. ಇವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಅದು ಗೊತ್ತಾಗಿ ಚನ್ನವೀರಪ್ಪನವರು ಮಗುವಿನ ಹಾಗೆ ಅತ್ತುಬಿಟ್ಟಿದ್ದರು.

"ಮೈಮೇಲೆ ಲಿಂಗ ಇಲ್ದೆ ನೀರು ಕುಡಿದೆ. ನೀನು ಅಲ್ಲೇ ಇದ್ಯಲ್ಲೇ. ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ತಪ್ಪಾಯ್ತು ರೀ. ಇನ್ನೊಂದು ಸಲ ನಿಮಗೆ ಗೊತ್ತಿಲ್ದೆ ಹಾಗಾಗಕ್ಕೆ ಬಿಡಲ್ಲ" ಎಂದು ಅವಳು ಅವರ ಲಿಂಗ ಮುಟ್ಟಿ ಹೇಳಿದ್ದಳು. ಅಂದಿನಿಂದ ಈ ಕಟ್ಟು.

ಮರಳುಗಾಡಿನ ಆಸೆ ಹುಟ್ಟಿದ್ದು ವಿಜಯನಗರದ ಟೂರ್ ಆಫೀಸಿನ ಗೋಡೆಯಲ್ಲಿದ್ದ ಒಂದು ಚಿತ್ರದಿಂದ. ಕೆಂಪು ಗುಡ್ಡ, ಗಿಡವಿಲ್ಲ, ಮರವಿಲ್ಲ, ಮನೆಯಿಲ್ಲ, ಹಿಂದೆ ಏಳುತ್ತಿರುವ ಸೂರ್ಯ. ಕಾಶಿಯ ದರ ವಿಚಾರಿಸಲು ಹೋದವರು ಆ ಚಿತ್ರದ ಮುಂದೆ ನಿಂತುಬಿಟ್ಟರು. "ಶರಣರು ಬಯಲು ಬಯಲು ಅಂದ್ರಲ್ಲ, ಇದೇ ಇರ್ಬೇಕು ಕಣೇ. ನಾನು ಜನ್ಮವಿಡೀ ಬಚ್ಚಲು ಪೈಪಿನ ಸದ್ದು ಕೇಳ್ತಾನೇ ಪೂಜೆ ಮಾಡಿದೀನಿ. ಒಂದೇ ಒಂದ್ಸಲ ಇಂಥ ಕಡೆ ಕೂತ್ಕೋಬೇಕು." ಮಗಳು ನಿಖಿತಾ ಬೇಡವೆಂದಳು. ಡಾಕ್ಟರು ಗುಡ್ಡಗಿಡ್ಡ ಎಲ್ಲ ನಿಧಾನ ಎಂದರು. ನಿಧಾನ ಎಂದರೆ ಬೇಡ ಎಂದಲ್ಲ ಎಂದು ಇವರು ಅರ್ಥ ಮಾಡಿಕೊಂಡರು.

ಗುಡ್ಡದ ಬುಡದಲ್ಲಿ ಇನ್ನೂ ಕತ್ತಲು. ಟೂರ್ ಮ್ಯಾನೇಜರ್ ಕೊಟ್ರೇಶ್, ನಾಯಂಡಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದ ಲವಲವಿಕೆಯ ಹುಡುಗ, ಟಾರ್ಚು ಬೀಸುತ್ತ ಕೂಗಿದ: "ಎಲ್ರೂ ಈಗ್ಲೇ ಚೆನ್ನಾಗಿ ನೀರು ಕುಡೀರಿ. ಮೇಲೆ ಅಂಗಡಿ ಇಲ್ಲ, ಬೇಕರಿ ಇಲ್ಲ, ಬೈಟೂ ಕಾಫಿನೂ ಸಿಗಲ್ಲ. ಸಾರ್, ನೀವು?"

"ನಂದು ಮೇಲೆ ಹೋದ್ಮೇಲಪ್ಪ" ಎಂದರು ಚನ್ನವೀರಪ್ಪನವರು.

ಹಿಂದಿನ ದಿನದಿಂದ ಅವರ ಹೊಟ್ಟೆ ಸರಿಯಿರಲಿಲ್ಲ. ರಾತ್ರಿಯೆಲ್ಲ ಎದ್ದೆದ್ದು ಓಡಾಡಿದ್ದರು. ಅದನ್ನು ಕೊಟ್ರೇಶನಿಗೆ ಹೇಳಲೆಂದು ಬಸವರಾಜೇಶ್ವರಿ ಬಾಯಿ ತೆರೆದಳು. ಗಂಡ ತಿರುಗಿ ನೋಡಿದರು. ಅವಳು ಬಾಯಿ ಮುಚ್ಚಿಕೊಂಡಳು. ಹೇಳಿದ್ದರೆ ಅವರನ್ನು ಕ್ಯಾಂಪಿನಲ್ಲೇ ಕೂರಿಸುತ್ತಿದ್ದರು, ಇಷ್ಟು ದೂರ ಬಂದದ್ದು ನೀರಲ್ಲಿ ಹೋಮವಾಗುತ್ತಿತ್ತು. ಹೇಳದಿದ್ದರೆ? ಎಂಬುದರ ಮುಂದಕ್ಕೆ ಅವಳ ಯೋಚನೆ ಹೋಗಲಿಲ್ಲ.

ಗಂಡ ಮುಂದಿನ ಗುಂಪಿನ ಜೊತೆ ಹೊರಟರು. ಇವಳು ಹಿಂದೆ, ಹೊಸಹಳ್ಳಿಯ ಜಗದಾಂಬಾ ಮೇಡಂ ಜೊತೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಒಂಟಿ ಹೆಂಗಸು. ವಿಮಾನದಲ್ಲಿ ಪಕ್ಕದ ಸೀಟಿನವರಾಗಿ ಪರಿಚಯವಾದವರು ನಾಲ್ಕೇ ದಿನದಲ್ಲಿ ತವರಿನವರಂತಾಗಿದ್ದರು.

"ರಾಜೇಶ್ವರೀ, ಮೂವತ್ತು ವರ್ಷ ಮರುಭೂಮಿ ಪಾಠ ಮಾಡಿದೀನಿ ಕಣ್ರೀ. ಹಗಲು ಬಿಸಿ, ರಾತ್ರಿ ಚಳಿ ಅಂತ ಬರೆಸಿದ್ದೇ ಬರೆಸಿದ್ದು. ಮಂಡಿ ಇಷ್ಟು ನೋಯುತ್ತೆ ಅಂತ ಯಾವ ಪುಸ್ತಕದಲ್ಲೂ ಇರ್ಲಿಲ್ಲ!"

ಅರ್ಧ ದಾರಿಯಲ್ಲಿ ಆ ಮಾತು ನಿಂತಿತು. ಜಗದಾಂಬಾ ಬಂಡೆ ಹಿಡಿದು ನಿಂತವರು ಹಾಗೆಯೇ ಜಾರಿ ಕೂತರು. ಮುಖದ ತುಂಬ ತಣ್ಣನೆಯ ಬೆವರು, ತುಟಿ ಬಿಳಿಚಿಕೊಂಡಿತ್ತು. ಅವರ ಬಾಟಲಿ ಆಗಲೇ ಖಾಲಿ. ಬಸವರಾಜೇಶ್ವರಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಉಳಿದಿದ್ದ ಎರಡು ಗುಟುಕು ಮುಖಕ್ಕೆ ಚಿಮುಕಿಸುವುದಕ್ಕೇ ಮುಗಿಯಿತು. ಅವಳು ಕೂಗಿದಳು. ಮೇಲಿನ ಟಾರ್ಚುಗಳು ತಿರುವಿನಾಚೆ ಮರೆಯಾಗಿದ್ದವು.

"ನೀರು... ನೀರು ಕೊಡ್ರೀ" ಎಂದರು ಜಗದಾಂಬಾ.

ಬಸವರಾಜೇಶ್ವರಿ ತಾಮ್ರದ ಬಾಟಲಿ ತೆಗೆದಳು. ಅಂಗೈಗೆ ಸುರಿದುಕೊಂಡು ಕುಡಿಸೋಣವೆಂದುಕೊಂಡಳು. ಅಷ್ಟರಲ್ಲಿ ಜಗದಾಂಬಾ ಎರಡೂ ಕೈಯಲ್ಲಿ ಅದನ್ನು ಸೆಳೆದುಕೊಂಡು ಬಾಯಿಗೇ ಹಚ್ಚಿ ಗಟಗಟನೆ ಕುಡಿದುಬಿಟ್ಟರು. ಕಿತ್ತುಕೊಳ್ಳಬಹುದಾಗಿತ್ತು. ಸಾಯುವವರಂತೆ ಕುಡಿಯುವವರ ಬಾಯಿಂದ ಕಿತ್ತುಕೊಳ್ಳುವುದು ಹೇಗೆ? ಅವಳು ಅವರ ಬೆನ್ನು ನೀವುತ್ತ ನಿಂತಳು. ಬಾಟಲಿ ಬರಿದಾಯಿತು. ಜಗದಾಂಬಾರ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು.

ತುದಿಯ ಹತ್ತಿರ ಕೊಟ್ರೇಶ್ ಇವರನ್ನು ಹುಡುಕಿಕೊಂಡು ಇಳಿದು ಬಂದ. ವಿಷಯ ಕೇಳಿ ತನ್ನ ಬಾಟಲಿಯಿಂದ ತಾಮ್ರದ ಬಾಟಲಿಗೆ ನೀರು ತುಂಬಿಸಿದ. ಅದು ಅವನು ದಾರಿಯುದ್ದಕ್ಕೂ ಬಾಯಿ ಹಚ್ಚಿ ಕುಡಿದ ಬಾಟಲಿ. ಸೀಲು ಒಡೆಯದ ಬಾಟಲಿ ಯಾರ ಹತ್ತಿರವೂ ಉಳಿದಿರಲಿಲ್ಲ.

"ಮೇಡಂ, ಸಾರ್‌ಗೆ ಏನೂ ಹೇಳ್ಬೇಡಿ. ನೀರು ತಾನೆ? ಮೊದ್ಲು ಅವ್ರು ಪೂಜೆ ಮುಗಿಸಿ ಕುಡೀಲಿ. ಮುಖ ನೋಡಕ್ಕಾಗ್ತಿಲ್ಲ."

"ಹೂಂ" ಎಂದಳು. ಹಾಗೆಯೇ ಮಾಡುವುದೆಂದು ನಿಶ್ಚಯಿಸಿಯೇ ಮೇಲೆ ಹತ್ತಿದಳು. ಸೆರಗಿನಿಂದ ಬಾಟಲಿಯ ಬಾಯನ್ನು ಮತ್ತೆ ಮತ್ತೆ ಒರೆಸಿದಳು.

ಮೇಲೆ ಗುಂಪಿನವರು ಒಂದು ಬದಿಗೆ ಸರಿದು ಜಾಗ ಬಿಟ್ಟಿದ್ದರು. ಚನ್ನವೀರಪ್ಪನವರು ಹಣೆಗೆ ವಿಭೂತಿ ಹಚ್ಚಿಕೊಂಡು, ಮೂಡಲಿಗೆ ಮುಖ ಮಾಡಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದರು. ತುಟಿ ಒಡೆದಿತ್ತು. ಕಣ್ಣು ಹಾಯುವವರೆಗೂ ಮರಳು, ಬಂಡೆ, ಅದರಾಚೆ ಕೆಂಪಗೆ ಕಾದ ಕಬ್ಬಿಣದಂಥ ಒಂದು ಗೆರೆ.

"ಬಂದ್ಯಾ? ಸರಿಯಾದ ಹೊತ್ತಿಗೆ ಬಂದೆ. ಹಾಕು" ಎಂದರು. ಮುಖದಲ್ಲಿ ಎಂದೂ ಕಾಣದ ಸಂತೋಷವಿತ್ತು.

ಬಸವರಾಜೇಶ್ವರಿ ಮುಚ್ಚಳ ತಿರುಗಿಸಿದಳು. ಬಾಟಲಿ ಬಗ್ಗಿಸಿದಳು. ನೀರು ಅಂಚಿನ ತನಕ ಬಂತು. ಕೈ ಅಲ್ಲೇ ನಿಂತಿತು.

"ರೀ, ಇದು ನಮ್ಮನೆ ನೀರಲ್ಲ" ಎಂದಳು. ಆಡಿದ ಮೇಲೆ ಎಲ್ಲವನ್ನೂ ಆಡಲೇಬೇಕಾಯಿತು.

ಅವರು ಪೂರ್ತಿ ಕೇಳಿದರು. ಬೈಯಲಿಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿ, ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡರು. ಆ ಹೊತ್ತಿಗೇ ಸೂರ್ಯ ಎದ್ದ. ಸುತ್ತಲಿನವರು ಫೋನು ಎತ್ತಿ ಹಿಡಿದು ಓಹೋ ಎಂದರು.

ಜಗದಾಂಬಾ ಅಳತೊಡಗಿದರು. "ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಪಾಪಿ. ಪೂಜೆ ಬಿಡ್ಬೇಡಿ."

"ಅಯ್ಯೋ ಮೇಡಂ, ಅಳ್ಬೇಡಿ. ಲಿಂಗಕ್ಕೆ ಇಟ್ಟಿದ್ದು ಒಂದು ಜೀವಕ್ಕಾಯ್ತು. ಅದೂ ಪೂಜೇನೆ."

"ಅದೂ ಪೂಜೆ ಅಂದ್ರೆ ನೀರು ಕುಡೀರಿ ಸಾರ್ ಮತ್ತೆ!" ಕೊಟ್ರೇಶ್ ಮಾತು ಹಿಡಿದ.

ಚನ್ನವೀರಪ್ಪನವರು ನಕ್ಕರು. "ಜಾಣ ನೀನು. ಆದ್ರೆ ಅದು ನಿಮ್ಮ ಪೂಜೆ ಆಯ್ತು ಕಣಯ್ಯ, ನಂದಾಗ್ಲಿಲ್ಲ. ಕ್ಯಾಂಪಿನ ಪೆಟ್ಟಿಗೇಲಿ ಯಾರೂ ಮುಟ್ಟದ ನೀರಿದೆ, ಪೂಜೆ ಅಲ್ಲಾಗುತ್ತೆ. ಇಳಿಯೋದು ಎಷ್ಟು ಹೊತ್ತು? ಬೆಂಗ್ಳೂರಲ್ಲಿ ಒಂದು ಸಿಗ್ನಲ್ಲಲ್ಲಿ ಕಾಯೋವಷ್ಟು."

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಸೂರ್ಯ ಮೇಲೇರಿದಂತೆ ಬಂಡೆಗಳು ಕಾವಲಿಯಂತೆ ಕಾದವು. ಬಸವರಾಜೇಶ್ವರಿ ಗಂಡನ ಹಿಂದೆಯೇ ಇದ್ದಳು, ಅವರ ಅಂಗಿಯ ಬೆನ್ನನ್ನೇ ನೋಡುತ್ತ. ಮೊದಲು ಬೆವರಿನಿಂದ ಒದ್ದೆಯಾಗಿದ್ದ ಅಂಗಿ ಆಮೇಲೆ ಒಣಗಿತು. ಬೆವರು ನಿಂತಿತು. ಅದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿಯಲಿಲ್ಲ.

"ನಿಖಿತಾ ಸ್ಕೂಲಿಂದ ಬಂದ್ಲಾ?" ಎಂದು ಅವರು ತಿರುಗಿ ಕೇಳಿದಾಗ ತಿಳಿಯಿತು. ನಿಖಿತಾಳಿಗೆ ಮದುವೆಯಾಗಿ ಮಕ್ಕಳೂ ಸ್ಕೂಲಿಗೆ ಹೋಗುತ್ತಿದ್ದವು.

"ಕೊಟ್ರೇಶೂ!" ಎಂದು ಅವಳು ಕಿರುಚಿದಳು. ಅವನು ಓಡಿ ಬರುವಷ್ಟರಲ್ಲಿ ಚನ್ನವೀರಪ್ಪನವರು ಬಂಡೆಗೆ ಒರಗಿ ಕೂತಿದ್ದರು. ಅಲ್ಲಿಯ ಗೈಡು ಜೀಪು ತರಲು ಇಳಿಜಾರಿನಲ್ಲಿ ಓಡಿದ. ಕೊಟ್ರೇಶ್ ಅವರ ತಲೆಯ ಮೇಲೆ ನೀರು ಸುರಿದ. "ಸಾರ್, ಬಾಯ್ಬಿಡಿ ಸಾರ್, ಒಂದೇ ಗುಟುಕು, ನಿಮ್ಮ ಮಗ ಅನ್ಕೊಳ್ಳಿ." ಹಲ್ಲು ಬಿಗಿದಿದ್ದರು. ಪ್ರಜ್ಞೆ ತಪ್ಪಿ ಬಿಗಿದದ್ದಲ್ಲ, ಬೇಡವೆಂದು ಬಿಗಿದದ್ದು. ಅವಳಿಗೆ ಅದು ಗೊತ್ತಾಗುತ್ತಿತ್ತು.

ಬಸವರಾಜೇಶ್ವರಿ ಬಾಟಲಿ ಕಿತ್ತುಕೊಂಡಳು. "ರೀ, ಕುಡೀರಿ. ಪಾಪ ಏನಿದ್ರೂ ನಂಗಿರ್ಲಿ." ಅವರು ತಲೆ ಒಂದಿಷ್ಟು ಅಲ್ಲಾಡಿಸಿದರು. ಅವಳು ಎಡಗೈಯಲ್ಲಿ ಅವರ ದವಡೆ ಅದುಮಿದಳು. ಮದುವೆಯಾದಾಗಿನಿಂದ ಆ ಮುಖವನ್ನು ಅಷ್ಟು ಜೋರಾಗಿ ಮುಟ್ಟಿದವಳಲ್ಲ. ಹಲ್ಲಿನ ಸಂದಿಗೆ ಹೆಬ್ಬೆರಳು ತುರುಕಿ ನೀರು ಹೊಯ್ದಳು. ಒಂದು ಗುಟುಕು ಒಳಗೆ ಹೋಯಿತು. ಗಂಟಲು ಅಲುಗಿದ್ದನ್ನು ಕಂಡಳು. ಅವರು ಕಣ್ಣು ತೆರೆದು ಅವಳನ್ನೇ ನೋಡಿದರು. ಎರಡನೆಯ ಗುಟುಕು ಕಟಬಾಯಿಯಿಂದ ಹೊರಗೆ ಹರಿದು ಕೊರಳಿಗೆ ಇಳಿಯಿತು. ಮೂರನೆಯದೂ ಹಾಗೆಯೇ. "ಮೇಡಂ, ಸಾಕು ಮೇಡಂ" ಎಂದು ಕೊಟ್ರೇಶ್ ಕೈ ಹಿಡಿಯುವ ತನಕ ಅವಳು ಹೊಯ್ಯುತ್ತಲೇ ಇದ್ದಳು.

ಕಾಗದಪತ್ರಗಳೆಲ್ಲ ಮುಗಿದು ದೇಹ ಬಸವೇಶ್ವರನಗರಕ್ಕೆ ಬರಲು ವಾರ ಹಿಡಿಯಿತು. ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ಮಾಲೆ ಹಾಕಿದ್ದರು. ನಿಖಿತಾ ತಾಯಿಯ ಹೆಗಲಿಗೆ ಒರಗಿದ್ದಳು. ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ, ಒಳಗೆ ಬರಲು ಧೈರ್ಯವಿಲ್ಲದೆ ಜಗದಾಂಬಾ ನಿಂತಿದ್ದರು. ಮೂರು ಸಲ ಫೋನು ಮಾಡಿ ಮಾತಾಡದೆ ಇಟ್ಟವರು. ಒಂದೇ ವಾರದಲ್ಲಿ ಕಣ್ಣು ಗುಳಿಬಿದ್ದಿತ್ತು.

ಕ್ರಿಯೆಗೆ ಬಂದಿದ್ದ ಅಯ್ಯನವರು ಮೆಲ್ಲಗೆ ಕೇಳಿದರು: "ತಾಯೀ, ಯಜಮಾನರದು ಕೊನೇ ದಿವ್ಸದ ಪೂಜೆ ಆಗಿತ್ತೇನು?"

ಚನ್ನವೀರಪ್ಪನವರ ಅಣ್ಣತಮ್ಮಂದಿರು, ಓಣಿಯವರು, ಎಲ್ಲರೂ ಅವಳ ಕಡೆ ತಿರುಗಿದರು. ಜಗದಾಂಬಾ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಆಗಿತ್ತು ಸ್ವಾಮೀ" ಎಂದಳು ಬಸವರಾಜೇಶ್ವರಿ. "ಸೂರ್ಯ ಹುಟ್ಟೋ ಹೊತ್ತಿಗೆ ಸರಿಯಾಗಿ. ನಾನೇ ನೀರು ಹಾಕ್ದೆ. ಆಮೇಲೆ ಅವ್ರೂ ಕುಡಿದ್ರು. ಹೊಟ್ಟೆ ತುಂಬ ಕುಡಿದ್ರು."

"ಪುಣ್ಯವಂತ" ಎಂದರು ಯಾರೋ. ಅಯ್ಯನವರು ಕಣ್ಣು ಮುಚ್ಚಿ ತಲೆದೂಗಿದರು. ಬಾಗಿಲ ಬಳಿ ಜಗದಾಂಬಾ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದರು.

ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬರುತ್ತದೆಂದು ಬಸವರಾಜೇಶ್ವರಿಗೆ ಅಂದಿನ ತನಕ ಗೊತ್ತಿರಲಿಲ್ಲ.