ಅಪ್ಪ ಹೋದ ದಿನ

ಅಪ್ಪನನ್ನು ಸಾಯಿಸಬೇಕೆಂದು ಅವನೇನೂ ಅಂದುಕೊಂಡಿರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ, ಅಷ್ಟೆ.

ಓದಲೆಂದು ಈ ದೇಶಕ್ಕೆ ಬಂದು ತಿಂಗಳಾಗುತ್ತ ಬಂದಿತ್ತು. ಬಾಡಿಗೆಯ ಕೋಣೆಯ ಜೊತೆಗೆ ಅಡುಗೆಮನೆಯ ಅರ್ಧ ಕಟ್ಟೆ ಅವನ ಪಾಲಿಗೆ ಸಿಕ್ಕಿತ್ತು. ಬೆಳಿಗ್ಗೆ ಅಲ್ಲಿ ನಿಂತಿದ್ದಾಗ ಕಣ್ಣು ಮೂಗು ಎರಡೂ ಸುರಿಯತೊಡಗಿದವು. ನೀರು ಕುಡಿಯಲು ಬಂದ ಮನೆಯೊಡತಿ ಅವನ ಮುಖ ನೋಡಿ, ಲೋಟ ಕೆಳಗಿಟ್ಟು, ಭುಜದ ಮೇಲೆ ಕೈಯಿಟ್ಟಳು.

ಈ ಊರಿಗೆ ಬಂದಮೇಲೆ ಅವನನ್ನು ಯಾರೂ ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಕೂಡ ಜನ ಮೈ ತಾಗದ ಹಾಗೆ ಹುಷಾರಾಗಿ ಕೂರುತ್ತಿದ್ದರು. ಅಂಗಡಿಯವಳು ಚಿಲ್ಲರೆಯನ್ನು ಅಂಗೈಗೆ ಕೊಡದೆ ತಟ್ಟೆಯಲ್ಲಿಡುತ್ತಿದ್ದಳು. ಈಗ ಈ ಕೈ, ದಪ್ಪನೆಯ ಬೆಚ್ಚನೆಯ ಕೈ, ಅಂಗಿಯನ್ನು ದಾಟಿ ಒಳಗೆಲ್ಲೋ ಇಳಿಯುತ್ತಿತ್ತು.

"ಏನಾಯ್ತು ಮಗೂ?"

ಈರುಳ್ಳಿ ಎಂದರೆ ಕೈ ತೆಗೆದುಬಿಡುತ್ತಾಳೆ.

"ಅಪ್ಪ ಹೋಗ್ಬಿಟ್ರು," ಎಂದ.

ಕೈ ಹೋಗಲಿಲ್ಲ. ಇನ್ನೊಂದೂ ಬಂತು.

ಅಪ್ಪ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಈಗಲೂ ಬೆಳಗಾದರೆ ಬಸ್ಕಿ ಹೊಡೆದು, ಹಸಿ ಮೊಟ್ಟೆ ನುಂಗಿ, ಮೈದಾನಕ್ಕೆ ಹೋಗಿ ಸೀಟಿ ಊದುವ ಮನುಷ್ಯ. ಆತ ಕೆಮ್ಮಿದ್ದನ್ನು ಕೂಡ ಕೇಳಿದವರಿಲ್ಲ. ಸಾಯಿಸಲೇಬೇಕಿದ್ದರೆ ಹಾಸಿಗೆ ಹಿಡಿದ ದೊಡ್ಡಪ್ಪ ಇದ್ದ. ಯಾರ ತಕರಾರೂ ಇರುತ್ತಿರಲಿಲ್ಲ. ನಾಲಿಗೆ ಮಾತ್ರ ದೊಡ್ಡಪ್ಪನನ್ನು ದಾಟಿಕೊಂಡು ನೇರ ಅಪ್ಪನ ಬಳಿಗೇ ಹೋಗಿತ್ತು. ಯಾಕೆ? ಆ ಪ್ರಶ್ನೆಯನ್ನು ಈರುಳ್ಳಿಯ ಜೊತೆಗೇ ಬಾಣಲೆಗೆ ಹಾಕಿ ಮುಚ್ಚಿದ.

ಸಂಜೆ ಹೇಗಾದರೂ ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಅವನು ಯೂನಿವರ್ಸಿಟಿ ತಲುಪುವ ಮೊದಲೇ ಮನೆಯೊಡತಿಯ ಫೋನು ತಲುಪಿತ್ತು.

ಅವನು ಓದುತ್ತಿದ್ದದ್ದು ಜನಸಂಖ್ಯಾಶಾಸ್ತ್ರ. ಅದರಲ್ಲೂ ಮರಣ ಪ್ರಮಾಣ. ಸಾವಿರಗಟ್ಟಲೆ ಸಾವುಗಳನ್ನು ಕಂಪ್ಯೂಟರಿನಲ್ಲಿ ಅತ್ತಿಂದಿತ್ತ ಸರಿಸುತ್ತಿದ್ದವನಿಗೆ ಒಂದೇ ಒಂದು ಸಾವು ಇಷ್ಟು ಕೆಲಸ ಮಾಡುತ್ತದೆಂದು ಗೊತ್ತಿರಲಿಲ್ಲ. ಅವನ ಹೆಸರನ್ನು ದಿನಕ್ಕೊಂದು ರೀತಿಯಲ್ಲಿ ಕೊಲ್ಲುತ್ತಿದ್ದ ಪ್ರೊಫೆಸರು ಇಂದು ಬಾಗಿಲವರೆಗೆ ಎದ್ದುಬಂದು ಅದನ್ನು ಸರಿಯಾಗಿ ಉಚ್ಚರಿಸಿದ. ಯಾರನ್ನೋ ಕೇಳಿ ಅಭ್ಯಾಸ ಮಾಡಿಕೊಂಡಿರಬೇಕು.

"ಎಷ್ಟು ವಯಸ್ಸಾಗಿತ್ತು?"

"ಐವತ್ತೇಳು."

"ಛೆ! ಸರಾಸರಿಗಿಂತ ತುಂಬಾ ಕಮ್ಮಿ." ಪ್ರೊಫೆಸರು ನಿಜವಾಗಿಯೂ ನೊಂದುಕೊಂಡ. "ಊರಿಗೆ ಹೋಗೋದಿಲ್ವಾ?"

"ನಾನು ಹೋಗೋಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ ಸರ್."

"ಧೈರ್ಯವಂತರು ನೀವು."

ಹೌದಲ್ಲ ಎನ್ನಿಸಿತು ಅವನಿಗೆ. ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಬಂದ.

ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ಬಿಳಿ ಹೂವಿನ ಹೂದಾನಿ ಇತ್ತು. ಮನೆಯೊಡತಿ ಕಪ್ಪು ಅಂಗಿ ತೊಟ್ಟಿದ್ದಳು. ಮೇಲಿನ ಕೋಣೆಯ ಬಾಡಿಗೆಯವನೂ ಟೈ ಕಟ್ಟಿಕೊಂಡು ಕೂತಿದ್ದ. ದಪ್ಪ ಕನ್ನಡಕದ ಆಸಾಮಿ. ಮೆಟ್ಟಿಲಲ್ಲಿ ಎದುರಾದಾಗ ಎಷ್ಟು ನಮಸ್ಕಾರ ಹೇಳಿದರೂ ಪಿಳಿಪಿಳಿ ನೋಡಿ ಹೋಗುತ್ತಿದ್ದನಾದ್ದರಿಂದ ಅವನಿಗೆ ಇವನು ಗೂಬೆ ಎಂದು ಹೆಸರಿಟ್ಟಿದ್ದ.

ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗೂಬೆ ಮಾತಾಡಿಬಿಟ್ಟಿತು.

"ನಿಮ್ಮಪ್ಪ ಹೇಗಿದ್ರು? ಸ್ವಲ್ಪ ಹೇಳಿ."

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಮೊದಮೊದಲು ಸುಳ್ಳೇ ಹೇಳಿದ: ಮೃದು ಮನುಷ್ಯ, ಹಾಡು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಗೊತ್ತಿಲ್ಲದೆ ನಿಜದೊಳಕ್ಕೆ ಜಾರಿದ. ಓಟದ ಪಂದ್ಯದಲ್ಲಿ ತಾನು ಕೊನೆಯವನಾಗಿ ಬಂದಾಗ ಸೀಟಿ ಬಾಯಲ್ಲಿದ್ದರೂ ಅಪ್ಪ ಊದದೆ ಮುಖ ತಿರುಗಿಸಿಕೊಂಡದ್ದು. ಅದೇ ಸಂಜೆ, ಒಂದು ಮಾತೂ ಆಡದೆ, ಮಗನ ಕಾಲಿನ ಬೊಕ್ಕೆಗಳಿಗೆ ಎಣ್ಣೆ ಹಚ್ಚಿದ್ದು. ಭೂತಕಾಲದಲ್ಲಿ ಅಪ್ಪ ಎಷ್ಟು ಚೆನ್ನಾಗಿ ಕಾಣುತ್ತಿದ್ದ! ಈ ಸಲ ಕಣ್ಣು ತುಂಬಿದ್ದಕ್ಕೆ ಈರುಳ್ಳಿಯ ನೆಪವೂ ಇರಲಿಲ್ಲ. ಗೂಬೆ ಕನ್ನಡಕ ತೆಗೆದು ಒರೆಸಿಕೊಂಡಿತು.

ಆಗ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ನಿಲ್ಲಿಸಲು ಹೋಗಿ ಎಲ್ಲಿ ಒತ್ತಿದನೋ, ಪರದೆಯ ತುಂಬ ಅಪ್ಪನ ಮುಖ ಬಂದು ನಿಂತಿತು. ಮೀಸೆ ತಿದ್ದಿಕೊಂಡು, ಕೊರಳಲ್ಲಿ ಸೀಟಿಯ ದಾರ ಸಮೇತ.

"ಯಾರಿದು?" ಮನೆಯೊಡತಿ ಬಗ್ಗಿದಳು.

"ಚಿಕ್ಕಪ್ಪ."

"ಅಯ್ಯೋ ಪಾಪ! ಕೊಡಿಲ್ಲಿ." ಫೋನನ್ನು ಎರಡೂ ಕೈಯಲ್ಲಿ ಹಿಡಿದು, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ, ಈ ಹುಡುಗನನ್ನು ನಾವು ನೋಡಿಕೊಳ್ಳುತ್ತೇವೆ ಎಂದು ತನ್ನ ಭಾಷೆಯಲ್ಲಿ ಬಿಕ್ಕುತ್ತ ಹೇಳಿದಳು. ಆ ಭಾಷೆಯ ಒಂದಕ್ಷರವೂ ಬಾರದ ಅಪ್ಪ, "ಥ್ಯಾಂಕ್ಯೂ, ಥ್ಯಾಂಕ್ಯೂ," ಎಂದು ಸಂತಾಪವನ್ನೆಲ್ಲ ಸ್ವೀಕರಿಸಿದ. ಆಮೇಲೆ ಹುಬ್ಬು ಗಂಟಿಕ್ಕಿದ.

"ಏನೋ ಇದು, ಎಲ್ಲಾ ಅಳ್ತಿದಾರೆ? ಯಾರಾದ್ರೂ ಹೋದ್ರೇನೋ?"

"ಹೂಂ ಅಪ್ಪಾ."

"ಯಾರು?"

"ನಿಮಗೆ ಗೊತ್ತಿಲ್ಲ ಬಿಡಿ."

"ಗೊತ್ತಿಲ್ದಿದ್ರೇನು? ಸತ್ತೋರಿಗೆ ಮರ್ಯಾದೆ ಕೊಡಬೇಕು. ಎದ್ದು ನಿಲ್ಲೋ!"

ಅಪ್ಪ ತಾನೂ ಎದ್ದು, ಎದೆ ಸೆಟೆಸಿ, ಕೈಜೋಡಿಸಿ ಕಣ್ಣು ಮುಚ್ಚಿದ. ಅದನ್ನು ನೋಡಿ ಮನೆಯೊಡತಿ ಎದ್ದಳು. ಗೂಬೆಯೂ ಎದ್ದಿತು. ಸಂಪರ್ಕ ಎಲ್ಲಿ ತೊಡರಿತೋ, ಮುಚ್ಚಿದ ಕಣ್ಣಿನ ಆ ಮುಖ ಪರದೆಯಲ್ಲಿ ಹಾಗೆಯೇ ನಿಂತುಬಿಟ್ಟಿತು. ಮನೆಯೊಡತಿ ಫೋನನ್ನು ಮೆಲ್ಲಗೆ ಹೂದಾನಿಗೆ ಒರಗಿಸಿದಳು. ಓರೆಯಾಗಿದೆ ಅನ್ನಿಸಿ ನೆಟ್ಟಗೆ ಮಾಡಿದಳು. ಬಾಗಿದ ಒಂದು ಹೂವನ್ನು ಹಣೆಯ ಮೇಲಿಂದ ಸರಿಸಿದಳು.

ಅಲುಗದ ತುಟಿಗಳ ಹಿಂದಿನಿಂದ ದನಿ ಮಾತ್ರ ಬರುತ್ತಿತ್ತು.

"ಏ, ಕೇಳಿಸ್ತಾ ಇದೆಯೇನೋ? ನಾನು ಕಾಣಿಸ್ತಿದೀನಾ?"

ಅವನು ಉಳಿದವರ ಜೊತೆ ತಲೆ ತಗ್ಗಿಸಿ ನಿಂತಿದ್ದ. ಭುಜದ ಮೇಲೆ ಎರಡೂ ಕಡೆಯಿಂದ ಕೈಗಳಿದ್ದವು.