ತಡವಿ ನೋಡದ ಕುರಿ

"ಚಾಚಾ, ನೋಡಿ, ಇನ್ನೂ ಬಡೀತಾ ಐತೆ!"

ದಾವಣಗೆರೆಯ ಲ್ಯಾಬಿನಿಂದ ರುಹೀನಾ ವಿಡಿಯೊ ಕಾಲ್ ಮಾಡಿದ್ದಳು. ಗಾಜಿನ ಬಟ್ಟಲಿನ ನೀರಿನಲ್ಲಿ ಅವರೆಕಾಳಿನಷ್ಟು ಹೃದಯವೊಂದು ಮಿಡಿಯುತ್ತಿತ್ತು. ಬೆಳಿಗ್ಗೆ ಬುಡನ್‌ಸಾಬ್ ಜಗಳೂರಿನ ತನ್ನ ಮಟನ್ ಅಂಗಡಿಯ ಹಿತ್ತಲಲ್ಲಿ ಕೊಯ್ದ ಕುರಿಯ ಹೊಟ್ಟೆಯಲ್ಲಿದ್ದ ಮರಿಯದು; ಐಸಿನಲ್ಲಿಟ್ಟು ಬಸ್ಸಿಗೆ ಕೊಟ್ಟು ಕಳಿಸಿದ್ದ. ಅವನು ಫೋನನ್ನು ತುಸು ದೂರ ಹಿಡಿದುಕೊಂಡ.

"ಹೃದಯದಾಗೆ ಸಣ್ಣ ಸಣ್ಣ ಬಾಗಿಲು ಇರ್ತಾವೆ ಚಾಚಾ. ಅದ್ರಾಗಿಂದ ಕ್ಯಾಲ್ಸಿಯಂ ಒಳಗೆ ಹೋದ್ರೇನೇ ಬಡಿಯೋದು. ದೊಡ್ಡ ಕುರಿಗಾದ್ರೆ ಒಳಗೇ ದಾಸ್ತಾನು ಇರ್ತೈತೆ. ಹುಟ್ಟದ ಮರಿಗೆ ಅಷ್ಟು ಇರಲ್ಲ, ಹೊರಗಿಂದಾನೇ ಬರ್ಬೇಕು. ಅದನ್ನ ಈ ನೀರಿಗೆ ಹಾಕೀನಿ. ನನ್ನ ಮೂರು ವರ್ಷದ ಓದು ಇವತ್ತು ದಾರಿಗೆ ಬಂತು, ನಿಮ್ಮಿಂದ."

ಅವಳ ಖುಷಿ ಕೇಳಿ ಬುಡನ್‌ಸಾಬನಿಗೆ ಸಂಕಟವಾಯಿತು.

ಗಬ್ಬದ ಕುರಿಗೆ ಕತ್ತಿ ಹಾಕುವವನೇ ಅಲ್ಲ ಅವನು. ಕೊಳ್ಳುವ ಮುಂಚೆ ಹೊಟ್ಟೆಯಡಿ ಕೈ ಹಾಕಿ ತಡವುತ್ತಿದ್ದ. ಮರಿ ಇದ್ದರೆ ಕುರಿ ಬಂದ ದಾರಿಯಲ್ಲೇ ವಾಪಸ್. ಬಿಳಿಚೋಡಿನ ಕುರಿಯವರು ಆ ಕೈಯನ್ನು ದನದ ಡಾಕ್ಟರಿಗಿಂತ ಹೆಚ್ಚು ನಂಬಿದ್ದರು. ಅವನಿಗೂ ಆ ಹೆಮ್ಮೆಯೇನು ಕಡಿಮೆ ಇರಲಿಲ್ಲ. "ಅಪ್ಪಿತಪ್ಪಿ ಗಬ್ಬದ್ದು ಬಂದ್ರೆ ಮರೀನ ನಂಗೆ ಕೊಡಿ" ಎಂದು ರುಹೀನಾ ಕೇಳಿದಾಗಲೆಲ್ಲ, "ನನ್ನ ಕೈಯಾಗೆ ಅಪ್ಪಿತಪ್ಪಿ ಅನ್ನೋದಿಲ್ಲ ಬೇಟಿ" ಎಂದು ನಗುತ್ತಿದ್ದ. ಕಳೆದ ವಾರ ಅವಳು, ಅಂಥ ಹೃದಯ ಸಿಗದೆ ಓದು ಇಲ್ಲಿಗೇ ನಿಂತಿತು ಎಂದು ಅತ್ತಿದ್ದಳು. ಅವಳ ಅಪ್ಪ, ತನ್ನ ಅಣ್ಣ, ತೀರಿಕೊಂಡ ಮೇಲೆ ಅವಳನ್ನು ಓದಿಸಿದವನು ಅವನೇ.

ಇವತ್ತು ಬಿಳಿಚೋಡಿನ ಮೈಲಾರಿ ಕುರಿ ತಂದಾಗ ಹೊಟ್ಟೆಯ ದುಂಡು ಕಣ್ಣಿಗೆ ಬಿದ್ದಿತ್ತು. ಕೈ ಮಾತ್ರ ಬೆನ್ನಿನಿಂದ ಕೆಳಗಿಳಿಯಲಿಲ್ಲ. ತಡವಿ ನೋಡದಿದ್ದರೆ ಗೊತ್ತಿಲ್ಲದ ಹಾಗೆ ತಾನೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಬೇಕಿತ್ತೇ ಈ ಬುದ್ಧಿ, ಈ ವಯಸ್ಸಿನಲ್ಲಿ?

"ಸಾಬ್ರೇ!"

ಬಾಗಿಲಲ್ಲಿ ಮೈಲಾರಿಯ ಅತ್ತೆ ದೊಡ್ಡಕ್ಕ ನಿಂತಿದ್ದಳು, ಕಂಕುಳಲ್ಲಿ ಹಸಿಹುಲ್ಲಿನ ಕಟ್ಟು. ಬುಡನ್‌ಸಾಬ್ ಕಾಲ್ ಕಟ್ ಮಾಡಿದ.

"ನಮ್ಮ ಅಳಿಯ ಮಾಡಿರೋ ಕೆಲ್ಸ ನೋಡ್ರಿ. ಗೊಡ್ಡು ಕುರಿ ಕೊಟ್ಟು ಬಾ ಅಂದ್ರೆ ಗಬ್ಬದ ಕರಿಕಿವೀನ ಹಿಡ್ಕಂಡು ಬಂದಾನೆ! ಮನ್ಯಾಗೆ ಎಲ್ಲಾರೂ ಗಾಬ್ರಿ ಬಿದ್ದಾರೆ. ನಾನು ಹೇಳ್ದೆ, ಸಾಬ್ರು ಕೈ ಹಾಕಿದ್ ಕೂಡ್ಲೆ ಗೊತ್ತಾಗಿರ್ತೈತೆ, ಹಿತ್ತಲಾಗೆ ಕಟ್ಟಿರ್ತಾರೆ, ಹೋಗಿ ಕರ್ಕಂಡು ಬರ್ತೀನಿ ಅಂತ."

"ದೊಡ್ಡಕ್ಕ..." ಎಂದ.

"ಬೆಳಿಗ್ಗಿಂದ ಏನೂ ತಿಂದಿರಲ್ಲ ಪಾಪ, ಹೊಸ ಜಾಗ," ಎನ್ನುತ್ತ ಅವಳು ಅವನನ್ನು ದಾಟಿ ಒಳಗೆ ಹೋದಳು. ಹಿತ್ತಲ ಬಾಗಿಲು ಕಿರ್ರೆಂದಿತು.

ಅವನು ಹಿಂದೆಯೇ ಹೋದ. ದೊಡ್ಡಕ್ಕ ಕಟ್ಟು ಬಿಚ್ಚಿ, ಅವನು ಕೊಯ್ದ ಮೇಲೆ ತೊಳೆದಿದ್ದ, ಇನ್ನೂ ಒದ್ದೆಯಾಗಿದ್ದ ಚಪ್ಪಡಿಯ ಮೇಲೆ ಹುಲ್ಲು ಹರಡುತ್ತಿದ್ದಳು. "ಕರಿಕಿವೀ..." ಎಂದು ಕೂಗಿ, ಗೋಡೆಯ ಆಚೆಗೊಮ್ಮೆ ನೋಡಿ, ಇನ್ನೂ ಸ್ವಲ್ಪ ಗಟ್ಟಿಯಾಗಿ ಕರೆದಳು.