ನಾನು ತಪ್ಪಾಗಿ ಅಳೆದ ಕಣ್ಣು

ನಾನೊಂದು ಕೆರಟೋಮೀಟರ್. ಹೆಸರು ಕೇಳಿ ಗಾಬರಿಯಾಗಬೇಡಿ. ಕಣ್ಣಿನ ಮುಂಭಾಗದ ಗಾಜಿನಂಥ ಪೊರೆ ಚೆಂಡಿನ ಹಾಗೆ ದುಂಡಗಿದೆಯೋ, ನಿಂಬೆಹಣ್ಣಿನ ಹಾಗೆ ಒಂದು ಕಡೆ ಎಳೆದುಕೊಂಡಿದೆಯೋ ಎಂದು ಅಳೆಯುವುದು ನನ್ನ ಕೆಲಸ. ಎಳೆದುಕೊಂಡಿದ್ದರೆ ಅಡ್ಡಗೆರೆ ಕಂಡರೂ ಉದ್ದಗೆರೆ ಮಸುಕು. ಅಂಬಾಲಾದ ಕಾರ್ಖಾನೆಯಲ್ಲಿ ಹುಟ್ಟಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಧಾರವಾಡಕ್ಕೆ ಬಂದೆ.

ನನ್ನನ್ನು ಕೊಂಡವರು ದಪ್ಪ ಕನ್ನಡಕದ ಡಾಕ್ಟರ್ ಹೊಂಬಳ. ನನ್ನೊಳಗೆ ನೋಡುವಾಗ ಕನ್ನಡಕ ತೆಗೆದಿಡುತ್ತಿದ್ದರು. ಅದಕ್ಕೇ ನನ್ನ ಹಿಂದೆ, ಕಣ್ಣಿಟ್ಟು ನೋಡುವ ಕಿಂಡಿಯ ಸುತ್ತ ಇರುವ ಬಳೆಯನ್ನು ತಮ್ಮ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಂಡಿದ್ದರು. ಇಪ್ಪತ್ತೆರಡು ವರ್ಷ ನಮ್ಮ ಅಳತೆ ತಪ್ಪಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಜಂಬವೂ ಬಂದಿತ್ತು.

ಅವರ ಕೈ ನಡುಗತೊಡಗಿದಾಗ ತಮ್ಮನ ಮಗಳು ಡಾಕ್ಟರ್ ಪ್ರಫುಲ್ಲಾ ಬಂದಳು. ಜಾಣೆ, ಆದರೆ ದೊಡ್ಡಪ್ಪನೆಂದರೆ ದೇವರು. ಅವರು ಹೊಂದಿಸಿದ್ದು ಕದಲಬಾರದೆಂದು ಆ ಬಳೆಗೆ ಟೇಪು ಸುತ್ತಿಬಿಟ್ಟಳು. ಅಯ್ಯೋ, ಭಕ್ತಿಯೇ! ಅವಳ ಎಳೆಯ ಕಣ್ಣು ತಿಣುಕಾಡಿ ಎಲ್ಲವನ್ನೂ ಸ್ಪಷ್ಟ ಮಾಡಿಕೊಳ್ಳುತ್ತಿತ್ತು, ಅಳತೆ ಮಾತ್ರ ಜಾರುತ್ತಿತ್ತು. ನನಗೆ ಗೊತ್ತಿತ್ತು. ಬಾಯಿ ಇರಲಿಲ್ಲ.

ಆಗಲೇ ಗಂಗವ್ವ ಸವಡಿ ಬಂದದ್ದು. ಕಸೂತಿ ಹಾಕುವಾಕೆ. ಕಸೂತಿಗೆ ಬಟ್ಟೆಯ ಮೇಲೆ ಗುರುತು ಹಾಕುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಆಕೆಗೆ ಉದ್ದದ ಎಳೆ ಕಲಸಿಹೋಗುತ್ತಿತ್ತು. ನಾನು ಅಳೆದೆ, ಕನ್ನಡಕ ಬಂತು. ಸರಿಹೋಗಲಿಲ್ಲ. ಮತ್ತೆ ಅಳೆದೆ, ಅದೇ ಕಥೆ. ಕೊನೆಗೆ ಆಕೆ ತನ್ನ ಎಣಿಕೆಯೇ ಕೆಟ್ಟಿತೆಂದುಕೊಂಡು, ಮದುವೆ ಸೀರೆಯ ಸೆರಗಿನಲ್ಲಿ ಹಾಕಿದ್ದ ನವಿಲನ್ನು ಪೂರ್ತಿ ಬಿಚ್ಚಿ ಸೂಜಿ ಎತ್ತಿಟ್ಟಳಂತೆ. ಮೂವತ್ತು ವರ್ಷದ ಕಸುಬು.

ಒಂದು ದಿನ ದೊಡ್ಡಪ್ಪ ಸುಮ್ಮನೆ ನೋಡಿಹೋಗಲು ಬಂದರು. ಟೇಪು ಕಂಡು ಇದೇನೆಂದು ಕೇಳಿದರು. ನೀವು ಇಟ್ಟಿದ್ದನ್ನು ಕೂದಲೆಳೆಯಷ್ಟೂ ಸರಿಸಿಲ್ಲ ಎಂದಳು ಪ್ರಫುಲ್ಲಾ, ಹೆಮ್ಮೆಯಿಂದ.

ಮುದುಕರು ಟೇಪಿನ ಮೇಲೆ ಬೆರಳಿಟ್ಟರು. "ಅದು ನನ್ನ ಕಣ್ಣಿಗೆ ಹೊಂದಿಸಿದ್ದವ್ವಾ. ನಿನ್ನ ಕಣ್ಣಿಗಲ್ಲ."

ಪ್ರಫುಲ್ಲಾ ತಾನೇ ಹೋಗಿ ಗಂಗವ್ವನನ್ನು ಕರೆತಂದಳು. ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಂಡು, ಟೇಪು ಕಿತ್ತು, ಬಳೆಯನ್ನು ತನ್ನ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಂಡು ಮತ್ತೆ ಅಳೆದಳು. ವಾರದ ಮೇಲೆ ಹೊಸ ಕನ್ನಡಕ ಹಾಕಿಕೊಂಡ ಗಂಗವ್ವ ಚೀಲದಿಂದ ಅದೇ ಸೀರೆ ತೆಗೆದಳು. ಬಿಚ್ಚಿದ ನವಿಲಿನ ಸೂಜಿ ತೂತುಗಳು ಬಟ್ಟೆಯಲ್ಲಿ ಹಾಗೇ ಇದ್ದವು. ಬೆರಳಿಟ್ಟು ಒಂದೊಂದೇ ಎಣಿಸಿದಳು.

"ಎಣಿಕಿ ಸರಿನೇ ಇತ್ತಲ್ರೀ," ಎಂದಳು.

ಬೈದಿದ್ದರೆ ಚೆನ್ನಾಗಿತ್ತು.

ಈಗ ಕಂಪ್ಯೂಟರ್ ಯಂತ್ರ ಬಂದಿದೆ, ನಾನು ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದೇನೆ. ಸಾವಿರಾರು ಕಣ್ಣು ಸರಿಯಾಗಿಯೇ ಅಳೆದಿದ್ದೇನೆ, ಒಂದೂ ನೆನಪಿಲ್ಲ. ಆಕೆಯದೊಂದು ಮಾತ್ರ ಮರೆಯಲಾಗುತ್ತಿಲ್ಲ.